ಎದುರುಗಾಳಿಯ ಉದ್ಯೋಗ

ಬೈಸಿಕಲ್ಲನ್ನು ಕಂಡು ಬೆರಗಾಗುವ ಕಾಲ ಗದಗ-ಬೆಟಗೇರಿಯ ಪಾಲಿಗೆ ಎಂದೋ ಮುಗಿಯಿತು. ಬೆಟಗೇರಿಯ ನೇಕಾರನು ನೂಲಿನ ಗಂಟನ್ನು ಕಟ್ಟಿ ತಂದದ್ದು ಅದರ ಬೆನ್ನಿಗೆ. ಹಾಲಿನವನ ಕ್ಯಾನು ತೂಗಾಡಿದ್ದು ಅದರ ಮಗ್ಗುಲಿಗೆ. ಹತ್ತಿಯ ಪೇಟೆಯ ಗುಮಾಸ್ತನು ಧೋತರದ ಅಂಚು ಚೈನಿಗೆ ಸಿಗದಂತೆ ಎತ್ತಿ ಕಟ್ಟಿ ಕಚೇರಿ ಮುಟ್ಟಿದ್ದು ಅದರ ಮೇಲೆಯೇ. ಇಷ್ಟು ಸಾಧಾರಣವಾದ ವಾಹನವನ್ನು ಮಗನೊಬ್ಬನು ಬಾಳಿನ ಉದ್ಯೋಗವನ್ನಾಗಿ ಮಾಡಿಕೊಳ್ಳುವೆನೆಂದರೆ ಮನೆಯ ಹಿರಿಯರ ಹುಬ್ಬು ಮೇಲೇರುವುದು ಸಹಜ. “ಸೈಕಲ್ ಹೊಡದ್ರ ಹೊಟ್ಟಿ ತುಂಬತೈತೇನೋ ತಮ್ಮಾ?” ಎಂಬ ಪ್ರಶ್ನೆ ಈ ಸೀಮೆಯ ಎಷ್ಟೋ ಪಡಸಾಲೆಗಳಲ್ಲಿ ಕೇಳಿಬಂದಿದೆ. ಅದು ಕೊಂಕಿನ ಪ್ರಶ್ನೆಯಲ್ಲ. ನಾಳಿನ ಅನ್ನವನ್ನು ನೆನೆದು ಕೇಳಿದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಈ ಉದ್ಯೋಗವು ನಿಜವಾಗಿ ಏನೆಂಬುದನ್ನು ಮೊದಲು ತಿಳಿಯಬೇಕು. ಏಕೆಂದರೆ ಹೊರಗಿನಿಂದ ನೋಡುವವರು ಇದನ್ನು ಓಟದ ಪಂದ್ಯದಂತೆ ಬಗೆಯುತ್ತಾರೆ. ಬಲವಿದ್ದವನು ಮುಂದೆ ಹೋದನು, ಗೆದ್ದನು, ಹಣ ಪಡೆದನು ಎಂದುಕೊಳ್ಳುತ್ತಾರೆ. ಸಂಗತಿ ಅಷ್ಟು ಸರಳವಾಗಿಲ್ಲ.

ಗದಗಿನಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ, ಶಿರಹಟ್ಟಿಯಿಂದ ಕಪ್ಪತಗುಡ್ಡದ ಸಾಲನ್ನು ದಾಟಿ ಮುಂಡರಗಿಗೆ, ಮುಂಡರಗಿಯಿಂದ ಡಂಬಳದ ಕೆರೆಯ ದಾರಿ ಹಿಡಿದು ಮರಳಿ ಗದಗಿಗೆ ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ 140 ಕಿಲೋಮೀಟರು ಆಗುವುದು. ಸಂಸಾರಸ್ಥರು ಬಸ್ಸಿನಲ್ಲಿ ಇಡೀ ದಿನ ಕಳೆಯಬಹುದಾದ ಈ ದಾರಿಯನ್ನು ನುರಿತ ಸವಾರನು ನಾಲ್ಕು ಗಂಟೆಗಳ ಆಸುಪಾಸಿನಲ್ಲಿ ಮುಗಿಸಬಲ್ಲನು. ಆದರೆ ಯಾವ ತಿಂಗಳಿನಲ್ಲಿ ಎಂಬುದು ಮುಖ್ಯ. ಆಷಾಢದಲ್ಲಿ ನೈಋತ್ಯದ ಗಾಳಿ ಈ ಎರೆನೆಲದ ಬಯಲಿನ ಮೇಲೆ ತಡೆಯಿಲ್ಲದೆ ನುಗ್ಗುತ್ತದೆ. ಕಪ್ಪತಗುಡ್ಡದ ನೆತ್ತಿಯ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಗದಗಿನಿಂದ ಲಕ್ಷ್ಮೇಶ್ವರದತ್ತ ಹೊರಟವನಿಗೆ ಆ ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ತಿರುಗಿದೊಡನೆ ಅದೇ ಗಾಳಿ ಬೆನ್ನು ತಟ್ಟಿ ನೂಕುತ್ತದೆ. ಮುಂಡರಗಿಯಿಂದ ಗದಗಿಗೆ ಬರುವಾಗ ಎಡಮಗ್ಗುಲಿಗೆ ಅಡ್ಡವಾಗಿ ಹೊಡೆದು ದಾರಿಯ ಅಂಚಿಗೆ ತಳ್ಳುತ್ತದೆ. ಒಂದೇ ಸುತ್ತಿನಲ್ಲಿ ಗಾಳಿಯು ವೈರಿ, ಮಿತ್ರ, ಕಪಟಿ ಎಂಬ ಮೂರು ವೇಷಗಳನ್ನೂ ಕಟ್ಟುತ್ತದೆ. ರಸ್ತೆಯ ಸೈಕಲ್ ಪಂದ್ಯದ ಸಮಸ್ತ ಶಾಸ್ತ್ರವೂ ಈ ಮೂರು ವೇಷಗಳಿಂದಲೇ ಹುಟ್ಟಿದ್ದು.

ಸಮತಟ್ಟಾದ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಿಂದ ಹೋಗುವ ಸವಾರನ ಶಕ್ತಿಯಲ್ಲಿ ಬಹುಪಾಲು ವ್ಯಯವಾಗುವುದು ಗಾಳಿಯನ್ನು ಸೀಳುವುದಕ್ಕೆ. ಗಾಲಿಯ ತಿಕ್ಕಾಟಕ್ಕೂ ಚೈನಿನ ಸವಕಳಿಗೂ ಸಲ್ಲುವುದು ಅಲ್ಪ. ಅವನ ಹಿಂದೆ ಒಂದು ಗೇಣಿನ ಅಂತರದಲ್ಲಿ ಅಂಟಿಕೊಂಡು ಬರುವವನಿಗೆ ಅದೇ ವೇಗಕ್ಕೆ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತದೆ. ದೊಡ್ಡ ಗುಂಪಿನ ನಡುವೆ ಸೇರಿಕೊಂಡವನಿಗೆ ಉಳಿತಾಯ ಇನ್ನೂ ಹೆಚ್ಚು. ಅಂದಮೇಲೆ ಮುಂದಿರುವವನು ದುಡಿಯುತ್ತಾನೆ, ಹಿಂದಿರುವವನು ಕೂಡಿಡುತ್ತಾನೆ. ಕೂಡಿಟ್ಟವನು ಕೊನೆಯ ಇನ್ನೂರು ಮೀಟರಿನಲ್ಲಿ ಮುನ್ನುಗ್ಗಿದರೆ ದುಡಿದವನಿಗೆ ತಡೆಯುವ ಕಸುವು ಇರುವುದಿಲ್ಲ. ಅಡ್ಡಗಾಳಿ ಬೀಸಿದಾಗಲಂತೂ ಸವಾರರು ಒಬ್ಬರ ಹಿಂದೊಬ್ಬರು ಸಾಗುವುದಿಲ್ಲ. ಮುಂಡರಗಿಯ ದಾರಿಯಲ್ಲಾದರೆ ಪ್ರತಿಯೊಬ್ಬನೂ ಮುಂದಿನವನ ಬಲಮಗ್ಗುಲಿಗೆ ಕೊಂಚ ಸರಿದು, ದಾರಿಯ ಎಡ ಅಂಚಿನಿಂದ ಬಲ ಅಂಚಿನವರೆಗೆ ಓರೆಯಾದ ಸಾಲು ಕಟ್ಟಬೇಕಾಗುವುದು. ದಾರಿಯ ಅಗಲ ಮುಗಿದಲ್ಲಿ ಸಾಲೂ ಮುಗಿಯಿತು. ಅದರಾಚೆ ಸಿಕ್ಕವನಿಗೆ ಮರೆಯಿಲ್ಲ. ಅವನು ಕೆಲವು ನಿಮಿಷಗಳಲ್ಲಿ ಹಿಂದೆ ಬಿದ್ದನೆಂದೇ ಲೆಕ್ಕ.

ಬೇಸಾಯದ ಊರುಗಳಲ್ಲಿ ಮುಯ್ಯಾಳಿನ ಪದ್ಧತಿಯೊಂದುಂಟು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮಾತಿನ ಮೇಲೆ ಕಳೆ, ಕೊಯ್ಲು ಸಾಗುತ್ತವೆ. ಗುಂಪಿನಿಂದ ಸಿಡಿದು ಮುಂದೆ ಹೋದ ನಾಲ್ಕು ಜನ ಸವಾರರಲ್ಲಿ ನಡೆಯುವುದೂ ಇದೇ. ನಾಲ್ವರೂ ಬೇರೆಬೇರೆ ತಂಡದವರಾದರೂ ಸರದಿಯ ಮೇಲೆ ಒಬ್ಬೊಬ್ಬರು ಗಾಳಿಗೆ ಎದೆಯೊಡ್ಡುತ್ತಾರೆ. ಸರದಿ ತಪ್ಪಿಸುವವನನ್ನು ಉಳಿದವರು ಬಾಯಿಬಿಟ್ಟು ಬಯ್ಯುತ್ತಾರೆ. ಗುರಿ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಮಾತ್ರ ಮುಯ್ಯಿ ಹರಿಯುತ್ತದೆ, ನಾಲ್ವರೂ ವೈರಿಗಳಾಗುತ್ತಾರೆ. ಕಾಲಿನ ಬಲದಷ್ಟೇ ಲೋಕಜ್ಞಾನವನ್ನೂ ಬೇಡುವ ಆಟವಿದು.

ಈ ಆಟವು ಹೊಟ್ಟೆಪಾಡಿನ ಉದ್ಯೋಗವಾದ ಕಥೆಯಲ್ಲಿ ಪತ್ರಿಕೆಯೊಂದರ ಕೈವಾಡವಿದೆ. ಪ್ಯಾರಿಸಿನ ‘ಲೋತೊ’ ಎಂಬ ಕ್ರೀಡಾಪತ್ರಿಕೆಯು ತನ್ನ ಪ್ರತಿಗಳ ಮಾರಾಟವನ್ನು ಹೆಚ್ಚಿಸಿಕೊಳ್ಳಲೆಂದು 1903ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತುವ ಪಂದ್ಯವೊಂದನ್ನು ಸಾರಿತು. ಅದೇ ಇಂದಿನ ತೂರ್ ದ ಫ್ರಾನ್ಸ್. ಆ ವರ್ಷ 60 ಜನ ಹೊರಟರು. 2,400 ಕಿಲೋಮೀಟರನ್ನು ಮೀರಿದ ದಾರಿಯನ್ನು ಆರು ಹಂತಗಳಲ್ಲಿ ಮುಗಿಸಿ ಬಂದವರು 21 ಜನ. ಗೆದ್ದವನು ಮೋರಿಸ್ ಗ್ಯಾರಂ. ಅವನು ಹುಡುಗನಾಗಿದ್ದಾಗ ಹೊಗೆಗೂಡುಗಳ ಮಸಿ ಗುಡಿಸುತ್ತಿದ್ದವನು. ಇದು ಆಕಸ್ಮಿಕವಲ್ಲ. ಇಟಲಿಯ ಮಹಾಸವಾರ ಫಾಸ್ಟೊ ಕೊಪ್ಪಿ ಮೊದಲು ಕಸಾಯಿ ಅಂಗಡಿಯ ಸಾಮಾನನ್ನು ಸೈಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದ ಹುಡುಗ. ಬಹುಕಾಲ ಈ ಉದ್ಯೋಗಕ್ಕೆ ಬಂದವರು ಹೊಲ, ಗಣಿ, ಅಂಗಡಿಗಳಿಂದಲೇ ಬಂದರು. ಹತ್ತು ಗಂಟೆ ಸೈಕಲ್ ತುಳಿಯುವುದು ಹತ್ತು ಗಂಟೆ ಗಣಿಯಲ್ಲಿ ಅಗೆಯುವುದಕ್ಕಿಂತ ಮೇಲೆಂದು ಅವರಿಗೆ ಕಂಡದ್ದರಲ್ಲಿ ಸೋಜಿಗವಿಲ್ಲ.

1911ರಲ್ಲಿ ನಡೆದ ಘಟನೆಯೊಂದು ಈ ಉದ್ಯೋಗಕ್ಕೆ ಅದರ ನಿಜವಾದ ಹೆಸರನ್ನು ಕೊಟ್ಟಿತು. ಮೋರಿಸ್ ಬ್ರೊಕ್ಕೊ ಎಂಬ ಸವಾರನು ತನ್ನ ಗೆಲುವಿನ ಆಸೆ ಮುಗಿದ ಮೇಲೆ ಮತ್ತೊಬ್ಬನಿಗೆ ದಾರಿಯಲ್ಲಿ ನೆರವಾಗಿ ನಾಲ್ಕು ಕಾಸು ಗಳಿಸಹೊರಟನು. ಪಂದ್ಯದ ಯಜಮಾನ ಆನ್ರಿ ದೆಗ್ರಾಂಜನಿಗೆ ಇದು ಹಿಡಿಸಲಿಲ್ಲ. ಅವನು ತನ್ನ ಪತ್ರಿಕೆಯಲ್ಲಿ ಬ್ರೊಕ್ಕೊನನ್ನು ‘ದೊಮೆಸ್ತಿಕ್’ ಎಂದು ಜರೆದನು. ಆ ಮಾತಿಗೆ ಮನೆಯ ಆಳು ಎಂದರ್ಥ. ಮರುದಿನ ಬ್ರೊಕ್ಕೊ ಸಿಟ್ಟಿನಿಂದ ತುಳಿದು ಆ ಹಂತವನ್ನೇ ಗೆದ್ದನು. ಆದರೆ ಬೈಗುಳ ಉಳಿಯಿತು, ಉಳಿದು ಹುದ್ದೆಯಾಯಿತು. ಇಂದು ರಸ್ತೆ ಸೈಕಲ್ ತಂಡಗಳಲ್ಲಿ ಸಂಬಳ ಪಡೆಯುವ ಬಹುಪಾಲು ಸವಾರರ ಪದವಿ ಅದೇ ‘ದೊಮೆಸ್ತಿಕ್’. ನಾಯಕನೊಬ್ಬನಿಗೆ ಗಾಳಿ ತಾಗದಂತೆ ಮುಂದೆ ತುಳಿಯುವುದು, ಹಿಂದಿನ ಮೋಟಾರಿಗೆ ಇಳಿದು ಹೋಗಿ ಅಂಗಿಯೊಳಗೆ ಏಳೆಂಟು ನೀರಿನ ಬಾಟಲಿ ತುರುಕಿಕೊಂಡು ಮತ್ತೆ ಮುಂದಕ್ಕೆ ಏರಿ ಬರುವುದು, ನಾಯಕನ ಗಾಲಿ ಕೆಟ್ಟರೆ ತನ್ನದನ್ನೇ ಬಿಚ್ಚಿ ಕೊಡುವುದು, ಎದುರಾಳಿ ತಂಡದವರು ಸಿಡಿದು ಹೊರಟರೆ ಅಟ್ಟಿಹೋಗಿ ಹಿಡಿಯುವುದು ಅವನ ಕೆಲಸ. ಇಷ್ಟೆಲ್ಲ ಮಾಡಿದ ಮೇಲೂ ನಿಗದಿಯಾದ ಕಾಲದೊಳಗೆ ಗುರಿ ಮುಟ್ಟದಿದ್ದರೆ ಮರುದಿನದ ಪಂದ್ಯಕ್ಕೆ ಅವನಿಲ್ಲ.

1934ರ ಪಂದ್ಯದಲ್ಲಿ ರನೆ ವಿಯೆತ್ತೊ ಎಂಬ ಇಪ್ಪತ್ತು ವರ್ಷದ ತರುಣನು ಬೆಟ್ಟದ ಏರಿನಲ್ಲಿ ಎಲ್ಲರನ್ನೂ ಮೀರಿಸಿ ದೇಶದ ಕಣ್ಮಣಿಯಾಗಿದ್ದನು. ಪಿರನೀಸ್ ಪರ್ವತದ ಇಳಿತದಲ್ಲಿ ಅವನ ತಂಡದ ನಾಯಕ ಅಂತೊನಂ ಮಾಞ್ಞನ ಮುಂದಿನ ಗಾಲಿ ಮುರಿಯಿತು. ವಿಯೆತ್ತೊ ತನ್ನ ಗಾಲಿಯನ್ನು ಬಿಚ್ಚಿಕೊಟ್ಟು, ಬೇರೆ ಗಾಲಿ ಬರುವ ತನಕ ದಾರಿಬದಿಯ ಕಲ್ಲುಗೋಡೆಯ ಮೇಲೆ ಕುಳಿತು ಅತ್ತನು. ಆ ಭಾವಚಿತ್ರ ಇಂದಿಗೂ ಪ್ರಸಿದ್ಧವಾಗಿದೆ. ಮರುದಿನ ನಾಯಕನ ಸೈಕಲ್ಲು ಮತ್ತೆ ಕೆಟ್ಟಿತು. ಮುಂದಿದ್ದ ವಿಯೆತ್ತೊ, ಸುದ್ದಿ ತಿಳಿದು, ತಾನು ಆಗಲೇ ದಾಟಿದ್ದ ದಾರಿಯಲ್ಲಿ ಹಿಂದಕ್ಕೆ ತಿರುಗಿ ಹೋಗಿ ತನ್ನ ಸೈಕಲ್ಲನ್ನೇ ಕೊಟ್ಟನು. ಮಾಞ್ಞ ಆ ವರ್ಷದ ವಿಜಯಿಯಾದನು. ವಿಯೆತ್ತೊನಿಗೆ ಸಿಕ್ಕದ್ದು ಐದನೆಯ ಸ್ಥಾನ. ಮುಂದೆ ಅನೇಕ ವರ್ಷ ತುಳಿದರೂ ಅವನು ಆ ಪಂದ್ಯವನ್ನು ಎಂದೂ ಗೆಲ್ಲಲಿಲ್ಲ.

ಇನ್ನೊಂದು ಪ್ರಸಂಗ 1952ರದು. ಕೊಪ್ಪಿಯ ಸೇವಕ ಸವಾರರಲ್ಲಿ ಒಬ್ಬನಾದ ಅಂದ್ರೆಯಾ ಕಾರೆಯಾ, ನಾತ್ಸಿಗಳ ಬುಖೆನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದವನು. ಒಂದು ದಿನ ಮುಂದೆ ಸಿಡಿದ ಗುಂಪಿನ ಮೇಲೆ ಕಣ್ಣಿಡಲು ಅವನೂ ಹೋದನು. ಗುಂಪನ್ನು ಯಾರೂ ಹಿಡಿಯಲಿಲ್ಲ. ಲೊಸಾನ್ ನಗರವನ್ನು ಮುಟ್ಟಿದಾಗ ಒಟ್ಟು ಕಾಲದ ಲೆಕ್ಕದಲ್ಲಿ ತಾನೇ ಎಲ್ಲರಿಗಿಂತ ಮುಂದಿರುವೆನೆಂದೂ, ಅಗ್ರಸ್ಥಾನದ ಹಳದಿ ಅಂಗಿ ತನ್ನದೆಂದೂ ಅವನಿಗೆ ತಿಳಿಯಿತು. ಹಿಗ್ಗಬೇಕಾದವನು ಕಣ್ಣೀರಿಟ್ಟನು. ಯಜಮಾನನ ಅಂಗಿಯನ್ನು ತಾನು ತೊಟ್ಟೆನೆಂಬ ಅಳುಕು ಅವನದು. ಕೊಪ್ಪಿ ನಕ್ಕು ಸಮಾಧಾನ ಹೇಳಿದನಂತೆ; ಮರುದಿನವೇ ಆಲ್ಪ್ಸ್ ಪರ್ವತದ ಏರಿನಲ್ಲಿ ಅಂಗಿಯನ್ನು ತಾನು ಪಡೆದನು. ಆಂಜನೇಯನ ಕಥೆ ಕೇಳಿ ಬೆಳೆದ ನಾಡಿಗೆ ಈ ಸೇವಾಧರ್ಮ ಅಪರಿಚಿತವಲ್ಲ. ಆದರೆ ಇಲ್ಲಿ ಸೇವೆಗೆ ಕರಾರುಪತ್ರವೂ ಸಂಬಳವೂ ಉಂಟೆಂಬುದನ್ನು ಮರೆಯಲಾಗದು.

ಆ ಸಂಬಳದ ವ್ಯವಸ್ಥೆ ಹೀಗಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1900ರಲ್ಲಿ ಸ್ಥಾಪನೆಯಾದದ್ದು. ಅದರ ನಿಯಮದಂತೆ ವೃತ್ತಿಪರ ಲೋಕದ ತಂಡಗಳಿಗೆ ಮೂರು ಅಂತಸ್ತುಗಳಿವೆ. ಎಲ್ಲಕ್ಕೂ ಮೇಲೆ ವರ್ಲ್ಡ್ ಟೀಮುಗಳು. ಪುರುಷರಲ್ಲಿ ಅವುಗಳ ಸಂಖ್ಯೆ 18. ನಡುವೆ ಪ್ರೊ ಟೀಮುಗಳು. ಕೆಳಗೆ ಕಾಂಟಿನೆಂಟಲ್ ತಂಡಗಳು. ಮೇಲಿನ ಎರಡು ಅಂತಸ್ತುಗಳಲ್ಲಿ ಸವಾರನಿಗೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದೆಂಬ ಕನಿಷ್ಠ ವೇತನದ ಕಟ್ಟಳೆಯುಂಟು. ಮೂರನೆಯದರಲ್ಲಿ ಅಂಥ ಕಟ್ಟಳೆಯಿಲ್ಲ. ಅಲ್ಲಿ ಸೈಕಲ್ಲು, ಬಟ್ಟೆ, ಊಟ, ಪ್ರಯಾಣದ ಖರ್ಚು ಸಿಕ್ಕಿದರೂ ಭಾಗ್ಯವೆಂದುಕೊಳ್ಳುವವರು ಎಷ್ಟೋ ಜನ. ಕರಾರು ಸಾಮಾನ್ಯವಾಗಿ ಒಂದೆರಡು ವರ್ಷದ್ದು. ತಂಡದ ಹಣ ಬರುವುದು ನೋಟಕರ ಟಿಕೇಟಿನಿಂದಲ್ಲ, ಏಕೆಂದರೆ ರಸ್ತೆಯ ಪಂದ್ಯಕ್ಕೆ ಟಿಕೇಟೇ ಇಲ್ಲ. ಅಂಗಿಯ ಮೇಲೆ ತಮ್ಮ ಹೆಸರು ಬರೆಸಿದ ಕಂಪನಿಗಳಿಂದ ಬರುವುದು. ಕಂಪನಿಯ ಮನಸ್ಸು ತಿರುಗಿದರೆ ಇಡೀ ತಂಡ ಒಂದೇ ಋತುವಿನಲ್ಲಿ ಕಣ್ಮರೆಯಾಗುವುದುಂಟು. ತೂರ್ ದ ಫ್ರಾನ್ಸ್ ಗೆದ್ದವನಿಗೆ 5 ಲಕ್ಷ ಯೂರೋ ಬಹುಮಾನವಿದೆ. ಆದರೆ ಅದನ್ನು ಜೊತೆಗಾರರಿಗೂ ತಂಡದ ಕೆಲಸಗಾರರಿಗೂ ಹಂಚುವುದು ರೂಢಿ. ಗಾಳಿಗೆ ಎದೆಯೊಡ್ಡಿದವರ ಋಣ ಹಾಗೆ ತೀರುತ್ತದೆ.

ದೇಹ ತೆರುವ ಸುಂಕವೂ ಸಣ್ಣದಲ್ಲ. ಮೂರು ವಾರ, 21 ಹಂತ, ಸುಮಾರು 3,400 ಕಿಲೋಮೀಟರಿನ ದೊಡ್ಡ ಪಂದ್ಯದಲ್ಲಿ ಬೆಟ್ಟದ ದಿನದಂದು ಸವಾರನೊಬ್ಬನು 5,000 ಕ್ಯಾಲೊರಿಗೂ ಮಿಗಿಲಾದ ಶಕ್ತಿಯನ್ನು ಸುಡುತ್ತಾನೆ. ಹಸಿವೆಯಿರಲಿ ಬಿಡಲಿ, ತುಳಿಯುತ್ತಲೇ ತಿನ್ನುತ್ತಿರಬೇಕು. ಬಿದ್ದು ಕೊರಳೆಲುಬು ಮುರಿಯುವುದು ಈ ವೃತ್ತಿಯಲ್ಲಿ ನೆಗಡಿಯಷ್ಟು ಸಾಮಾನ್ಯ. ಗೆಲ್ಲಲೇಬೇಕೆಂಬ ಹಟವು ಔಷಧಗಳ ದಾರಿ ಹಿಡಿಸಿದ್ದೂ ಉಂಟು. 1967ರ ಜುಲೈ 13ರಂದು ಬ್ರಿಟನ್ನಿನ ಟಾಮ್ ಸಿಂಪ್ಸನ್ ಉರಿಬಿಸಿಲಿನಲ್ಲಿ ವಾಂತೂ ಬೆಟ್ಟವನ್ನು ಏರುತ್ತ ಕುಸಿದು ಪ್ರಾಣಬಿಟ್ಟನು; ಅವನ ದೇಹದಲ್ಲಿ ಉತ್ತೇಜಕ ಮದ್ದು ಸಿಕ್ಕಿತು. ಸತತವಾಗಿ ಏಳು ಬಾರಿ ವಿಜಯಿಯೆನಿಸಿದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಏಳೂ ಪದವಿಗಳನ್ನು 2012ರಲ್ಲಿ ಅದೇ ಕಾರಣಕ್ಕೆ ಕಿತ್ತುಕೊಳ್ಳಲಾಯಿತು. ಮಕ್ಕಳನ್ನು ಈ ದಾರಿಗೆ ಕಳಿಸುವ ತಂದೆತಾಯಿಗಳು ಇವೆಲ್ಲವನ್ನೂ ತಿಳಿದೇ ಕಳಿಸಬೇಕು.

ಇನ್ನು ಕನ್ನಡನಾಡಿನ ಮಾತು. ರಸ್ತೆ ಸೈಕಲ್ಲಿನ ವಿದ್ಯೆಗೆ ಈ ನಾಡಿನಲ್ಲಿ ತೌರುಮನೆಯೆಂದರೆ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಸೀಮೆ. ಈ ಭಾಗದ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುವುದುಂಟು. ಬೆಲ್ಜಿಯಂ ದೇಶದ ಹಳ್ಳಿಗಳಲ್ಲಿಯೂ ಇಗರ್ಜಿಯ ಹಬ್ಬದಂದು ಊರನ್ನೇ ಹತ್ತಾರು ಬಾರಿ ಸುತ್ತುವ ‘ಕೆರ್ಮಿಸ್’ ಪಂದ್ಯಗಳು ನಡೆಯುತ್ತವೆ. ಆ ದೇಶದ ಮಹಾಸವಾರರ ಅಂಗನವಾಡಿ ಅದೇ. ಬೀಜ ಒಂದೇ ಜಾತಿಯದು, ನೆಲಕ್ಕೆ ಸಿಕ್ಕ ನೀರು ಬೇರೆ. ಸರಕಾರದ ಕ್ರೀಡಾ ವಸತಿ ನಿಲಯಗಳು ಈ ಸೀಮೆಯ ಒಕ್ಕಲಿಗರ, ಕೂಲಿಕಾರರ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಆರಿಸಿ ಸಾಕಿದುವು. ಅವರಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಿಗೆ ಸರಿಸಮನಾಗಿ, ಎಷ್ಟೋ ಬಾರಿ ಮಿಗಿಲಾಗಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಜಮಖಂಡಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಸ್ಪರ್ಧೆ ನಡೆದಿದೆ; 2024ರ ಜನವರಿಯಲ್ಲಿ ವಿಜಯಪುರದಲ್ಲಿಯೂ ನಡೆಯಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಮೇಲೆ ಬೆಳೆದ ಕಾಲುಗಳಿಗೆ ಬಲದ ಕೊರತೆಯಿಲ್ಲವೆಂಬುದು ಹೀಗೆ ಮತ್ತೆ ಮತ್ತೆ ಸಿದ್ಧವಾಗಿದೆ.

ಕೊರತೆ ಇರುವುದು ಏಣಿಯ ನಡುವಿನ ಮೆಟ್ಟಿಲಿಗೆ. ವಸತಿ ನಿಲಯದ ಹುಡುಗನು ರಾಜ್ಯದಲ್ಲಿ ಗೆಲ್ಲುತ್ತಾನೆ, ರಾಷ್ಟ್ರದಲ್ಲಿ ಪದಕ ಪಡೆಯುತ್ತಾನೆ, ಇಪ್ಪತ್ತರ ಗಡಿಯನ್ನು ದಾಟುವ ಹೊತ್ತಿಗೆ ಕ್ರೀಡಾ ಕೋಟಾದ ಮೇಲೆ ರೈಲ್ವೆಯಲ್ಲಿಯೋ ಸೈನ್ಯದಲ್ಲಿಯೋ ಪೊಲೀಸಿನಲ್ಲಿಯೋ ನೌಕರಿ ಹಿಡಿಯುತ್ತಾನೆ. ಇದನ್ನು ಹಗುರವಾಗಿ ಕಾಣುವುದು ಅನ್ಯಾಯ. ಮಳೆಯನ್ನೇ ನಂಬಿದ ನಾಲ್ಕೆಕರೆ ಎರೆಹೊಲದ ಮನೆಗೆ ತಿಂಗಳ ಸಂಬಳವೊಂದು ಬಂದು ಬಿದ್ದರೆ ತಂಗಿಯ ಓದು ನಡೆಯುತ್ತದೆ, ಸಾಲ ತೀರುತ್ತದೆ. ತಂದೆ ಪಡಸಾಲೆಯಲ್ಲಿ ಕೇಳಿದ ಪ್ರಶ್ನೆಗೆ ಅದೇ ಉತ್ತರ: ತುಂಬುತ್ತದೆ, ಸೈಕಲ್ ಹೊಡೆದರೂ ಹೊಟ್ಟೆ ತುಂಬುತ್ತದೆ. ಆದರೆ ಯುರೋಪಿನ ತರುಣನಿಗೆ ಮೊದಲ ಕರಾರು ದೊರೆಯುವ ವಯಸ್ಸೂ ಇದೇ. ಅವನ ವೃತ್ತಿ ಆರಂಭವಾಗುವ ಗಳಿಗೆಯಲ್ಲಿ ಇವನದು ಬಹುಮಟ್ಟಿಗೆ ಮುಗಿಯುತ್ತದೆ.

ಇದಕ್ಕೆ ಕಾರಣ ಹಣವೊಂದೇ ಅಲ್ಲ, ಹಣವೂ ಉಂಟು. ಪಂದ್ಯಕ್ಕೆ ತಕ್ಕ ಕಾರ್ಬನ್ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಪಂದ್ಯಗಳ ಬರ. ಗಡಿಯಾರದ ಎದುರು ಒಬ್ಬೊಬ್ಬರೇ ತುಳಿಯುವ ಟೈಮ್ ಟ್ರಯಲ್ ಪಂದ್ಯಕ್ಕೆ ಲಕ್ಷ್ಮೇಶ್ವರದ ದಾರಿಯಲ್ಲಿ ಒಂಟಿಯಾಗಿ ಅಭ್ಯಾಸ ಮಾಡಬಹುದು. ನೂರೈವತ್ತು ಜನರ ಗುಂಪಿನಲ್ಲಿ ಭುಜಕ್ಕೆ ಭುಜ ತಾಗಿಸಿ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಯಾರ ಬೆನ್ನಿಗೆ ಮರೆಯಾಗಬೇಕು, ಯಾವಾಗ ಸಿಡಿಯಬೇಕೆಂಬುದನ್ನು ಒಂಟಿಯಾಗಿ ಕಲಿಯಲಾಗದು. ಈಜು ಕಲಿಯಲು ನೀರು ಬೇಕಾದಂತೆ ಈ ವಿದ್ಯೆಗೆ ಗುಂಪು ಬೇಕು. ಯುರೋಪಿನ ಸವಾರನು ವರ್ಷಕ್ಕೆ ಅರವತ್ತು, ಎಪ್ಪತ್ತು ದಿನ ಪಂದ್ಯದಲ್ಲಿರುತ್ತಾನೆ. ಇಲ್ಲಿಯವನಿಗೆ ಅಂಥ ದಿನಗಳು ಬೆರಳೆಣಿಕೆಗೆ ಸಿಗುವಷ್ಟು. ಒಲಿಂಪಿಕ್ ಸೈಕ್ಲಿಂಗಿನಲ್ಲಿ ಭಾರತದವರು ಕಡೆಯ ಬಾರಿ ಕಾಣಿಸಿಕೊಂಡದ್ದು 1964ರ ಟೋಕಿಯೊದಲ್ಲಿ. 2024ರ ಪ್ಯಾರಿಸಿನವರೆಗೆ ಮತ್ತೆ ಆ ಬಾಗಿಲು ತೆರೆಯಲಿಲ್ಲ.

ಆ ನಡುವಿನ ಮೆಟ್ಟಿಲನ್ನು ಹತ್ತಿ ನೋಡಿದ ಕನ್ನಡನಾಡಿನವರೊಬ್ಬರು ಬೆಂಗಳೂರಿನ ನವೀನ್ ಜಾನ್. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ಸೈಕಲ್ ಸ್ಪರ್ಧೆಯ ರುಚಿ ಹತ್ತಿಸಿಕೊಂಡ ಅವರು ಹಿಂತಿರುಗಿ ಬಂದು 2010ರ ದಶಕದಲ್ಲಿ ರಾಷ್ಟ್ರೀಯ ಟೈಮ್ ಟ್ರಯಲ್ ವಿಜೇತರಾದರು. ಅಲ್ಲಿಗೆ ನಿಲ್ಲದೆ ಬೆಲ್ಜಿಯಮ್ಮಿಗೆ ಹೋಗಿ ಅಲ್ಲಿಯ ಹಳ್ಳಿಯ ಪಂದ್ಯಗಳಲ್ಲಿ ಗುಂಪಿನ ವಿದ್ಯೆಯನ್ನು ಕಲಿತರು. ಬಳಿಕ ಆಸ್ಟ್ರೇಲಿಯದ ಕಾಂಟಿನೆಂಟಲ್ ತಂಡವೊಂದರಲ್ಲಿ ಸ್ಥಾನ ಪಡೆದರು. ದೇಶದೊಳಗೆ ಎಲ್ಲರಿಗಿಂತ ಮುಂದಿದ್ದವರು ಹೊರಗೆ ಹೋಗಿ ಕೆಳಗಿನ ಮೆಟ್ಟಿಲಿನಿಂದ ಕಲಿಯಲು ಸಿದ್ಧರಾದದ್ದು ಅವರ ಸಾಹಸದ ಬೆಲೆಯುಳ್ಳ ಭಾಗ. ಆದರೆ ಓದು, ಭಾಷೆ, ವಿದೇಶದ ಪರಿಚಯಗಳ ಆಸರೆ ಅವರಿಗಿತ್ತು. ಮುಂಡರಗಿಯ ಕಡೆಯ ಹಳ್ಳಿಯ ಹುಡುಗನಿಗೆ ಅದೇ ಆಸರೆಯನ್ನು ಯಾರಾದರೂ ಒದಗಿಸಿಕೊಡಬೇಕು.

ಒದಗಿಸಿದರೆ ಏನಾಗುವುದೆಂಬುದಕ್ಕೆ ಆಫ್ರಿಕದ ಎರಿಟ್ರಿಯ ಸಾಕ್ಷಿ. ಆ ಚಿಕ್ಕ ಬಡ ದೇಶಕ್ಕೆ ಸೈಕಲ್ ಪಂದ್ಯದ ಹುಚ್ಚು ಹಿಡಿಸಿದವರು ಅದನ್ನು ಆಳಿದ ಇಟಲಿಯವರು. ಭಾರತಕ್ಕೆ ಇಂಗ್ಲಿಷರು ಕ್ರಿಕೆಟ್ಟನ್ನು ಆಟವಾಗಿಯೂ ಸೈಕಲ್ಲನ್ನು ವಾಹನವಾಗಿಯೂ ಬಿಟ್ಟುಹೋದಂತೆ, ಅವರು ಅಲ್ಲಿ ಸೈಕಲ್ಲನ್ನೇ ಆಟವಾಗಿ ಬಿಟ್ಟುಹೋದರು. ಅಸ್ಮಾರಾ ನಗರದಲ್ಲಿ 2000ದಲ್ಲಿ ಹುಟ್ಟಿದ ಬಿನಿಯಮ್ ಗಿರ್ಮಾಯ್ ಎಂಬ ಹುಡುಗನನ್ನು ಅಂತರರಾಷ್ಟ್ರೀಯ ಒಕ್ಕೂಟವು ಸ್ವಿಟ್ಜರ್ಲೆಂಡಿನ ತನ್ನ ತರಬೇತಿ ಕೇಂದ್ರಕ್ಕೆ ಕರೆಸಿಕೊಂಡಿತು. ಅಲ್ಲಿಂದ ಮೊದಲು ಫ್ರಾನ್ಸಿನ ತಂಡ, ಆಮೇಲೆ ಬೆಲ್ಜಿಯಮ್ಮಿನ ತಂಡ. 2022ರಲ್ಲಿ ಅವನು ಇಟಲಿಯ ಮಹಾಪಂದ್ಯದಲ್ಲಿ ಒಂದು ಹಂತವನ್ನು ಗೆದ್ದನು. ವಿಜಯವೇದಿಕೆಯ ಮೇಲೆ ಬಾಟಲಿಯ ಬಿರಡೆ ಸಿಡಿದು ಕಣ್ಣಿಗೆ ಬಡಿದು ಮರುದಿನವೇ ಪಂದ್ಯ ಬಿಡಬೇಕಾಯಿತು! ಆದರೂ 2024ರ ತೂರ್ ದ ಫ್ರಾನ್ಸ್‌ನಲ್ಲಿ ಮೂರು ಹಂತಗಳನ್ನೂ, ಅಂಕಗಳ ಲೆಕ್ಕದಲ್ಲಿ ಮೊದಲಿಗನಿಗೆ ಸಲ್ಲುವ ಹಸಿರು ಅಂಗಿಯನ್ನೂ ಗಳಿಸಿದನು. ಪ್ರತಿಭೆ ಅಸ್ಮಾರಾದ್ದೇ, ಗುಂಪಿನಲ್ಲಿ ಅದಕ್ಕೊಂದು ಜಾಗ ಮಾಡಿಕೊಟ್ಟವರು ಹೊರಗಿನವರು.

ಓದಿನ ಮನೆಗಳವರು ನೆನೆಯಬೇಕಾದ ಹೆಸರು ಇನ್ನೊಂದು. ಆಸ್ಟ್ರಿಯದ ಆನಾ ಕೀಸನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಪಡೆದು ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ ನಡೆಸುತ್ತಿದ್ದ ಮಹಿಳೆ. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸಿನ ಮಹಿಳೆಯರ ರಸ್ತೆ ಪಂದ್ಯ ನಡೆಯಿತು. ದಾರಿ 137 ಕಿಲೋಮೀಟರು, ಹೆಚ್ಚುಕಡಿಮೆ ಗದಗ-ಲಕ್ಷ್ಮೇಶ್ವರ-ಶಿರಹಟ್ಟಿ-ಮುಂಡರಗಿಯ ಸುತ್ತಿನಷ್ಟೇ. ಆಕೆಗೆ ಆಗ ವೃತ್ತಿಪರ ತಂಡವಿರಲಿಲ್ಲ. ಪಂದ್ಯದಲ್ಲಿ ಸಹಾಯಕ್ಕೆ ಸ್ವದೇಶದ ಸವಾರಳೊಬ್ಬಳೂ ಇರಲಿಲ್ಲ. ಪಂದ್ಯ ಶುರುವಾದೊಡನೆ ಕೆಲವರ ಜೊತೆ ಸಿಡಿದು ಮುಂದೆ ಹೋದಳು. ಜೊತೆಯವರು ಬಳಲಿ ಬಿದ್ದಂತೆ ಕೊನೆಯ 40 ಕಿಲೋಮೀಟರನ್ನು ಒಬ್ಬಳೇ ತುಳಿದಳು. ಒಲಿಂಪಿಕ್ ಪಂದ್ಯದಲ್ಲಿ ಕಿವಿಯ ರೇಡಿಯೊ ಇಲ್ಲದ್ದರಿಂದ ಹಿಂದಿನ ಘಟಾನುಘಟಿಗಳಿಗೆ ಮುಂದೊಬ್ಬಳಿರುವುದೇ ಮರೆತುಹೋಯಿತು. ಎರಡನೆಯವಳಾಗಿ ಗುರಿ ಮುಟ್ಟಿದ ಹಾಲೆಂಡಿನ ಆನೆಮಿಕ್ ಫಾನ್ ಫ್ಲೋಟನ್, ಚಿನ್ನ ತನ್ನದೇ ಎಂದು ಕೈಯೆತ್ತಿ ಸಂಭ್ರಮಿಸಿದಳು. ಚಿನ್ನ ಒಂದು ನಿಮಿಷ ಕಾಲು ಮುಂಚೆಯೇ ಗಣಿತದ ಅಧ್ಯಾಪಕಿಯ ಪಾಲಾಗಿತ್ತು.

ಇದನ್ನೋದಿ ಎಲ್ಲರೂ ಒಂಟಿಯಾಗಿ ಗೆಲ್ಲಬಹುದೆಂದು ತಿಳಿಯುವುದು ತಪ್ಪಾದೀತು. ಅಂಥ ಗೆಲುವು ನೂರಕ್ಕೊಂದು. ಆ ಒಂದು ದಿನದ ಹಿಂದೆ ಆಕೆಯ ವರ್ಷಗಳ ಅಭ್ಯಾಸವೂ ಲೆಕ್ಕಾಚಾರವೂ ಇದ್ದುವು. ಉಳಿದ ತೊಂಬತ್ತೊಂಬತ್ತು ಗೆಲುವುಗಳು ಯಾರೋ ಒಬ್ಬರು ಮುಂದೆ ನಿಂತು ಗಾಳಿ ತಡೆದದ್ದರ ಫಲ. ವಿಯೆತ್ತೊ ಬಿಚ್ಚಿಕೊಟ್ಟ ಗಾಲಿ, ಕಾರೆಯಾ ಸುರಿಸಿದ ಕಣ್ಣೀರು ಸಾರುವುದು ಇದನ್ನೇ. ಈ ಉದ್ಯೋಗದಲ್ಲಿ ಸಂಬಳ ಕೊಡುವುದು ಮೊದಲನೆಯವನಾಗುವುದಕ್ಕಲ್ಲ, ಇನ್ನೊಬ್ಬನ ಪಾಲಿನ ಗಾಳಿಯನ್ನು ತಾನು ಕುಡಿಯುವುದಕ್ಕೆ. ಸೇವೆಯೇ ಬಂಡವಾಳವಾದ ಉದ್ಯೋಗಕ್ಕೆ ಹೋಗಬೇಕಾದ ಹುಡುಗನಿಗೆ ಅವನ ಊರಿನಲ್ಲಿ ಮಾತ್ರ ಗಾಳಿ ತಡೆಯುವವರು ಸಾಲದಾಗಿದ್ದಾರೆ.

ವಸತಿ ನಿಲಯ ಒಂದು ಮರೆ. ನೌಕರಿ ಇನ್ನೊಂದು ಮರೆ. ಇವೆರಡರ ನಡುವೆ, ಹದಿನೆಂಟರಿಂದ ಇಪ್ಪತ್ತೈದರವರೆಗಿನ ಏಳು ವರ್ಷ ಬಟ್ಟಬಯಲು. ಆ ಬಯಲಿನಲ್ಲಿ ವರ್ಷಕ್ಕೆ ಇಪ್ಪತ್ತು, ಮೂವತ್ತು ಪಂದ್ಯಗಳು ನಡೆಯಬೇಕು. ನೌಕರಿ ಕೊಟ್ಟ ಇಲಾಖೆಯು ಹೊರದೇಶದ ಪಂದ್ಯಕ್ಕೆ ರಜೆ ಕೊಡಬೇಕು. ಜಾತ್ರೆಯ ಶರ್ಯತ್ತಿಗೆ ಹಣ ಹಾಕುವ ವರ್ತಕರು ತಂಡವೊಂದಕ್ಕೂ ಹಾಕುವಂತಾಗಬೇಕು. ಸಹಕಾರ ಪದ್ಧತಿ 1905ರಷ್ಟು ಹಿಂದೆಯೇ ಬೇರೂರಿದ್ದು ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಹತ್ತು ಜನ ಕೂಡಿ ಒಬ್ಬನ ಭಾರ ಹೊರುವ ಮಾತು ಈ ಸೀಮೆಗೆ ಹೊಸತೆಂದು ಯಾರೂ ಹೇಳಲಾರರು.

ಆಷಾಢದ ಮುಂಜಾವಿನಲ್ಲಿ ಲಕ್ಷ್ಮೇಶ್ವರದ ದಾರಿ ಹಿಡಿಯುವ ಸವಾರನಿಗೆ ಆ ಗಾಳಿ ಎಷ್ಟು ಭಾರವೆಂಬುದು ಚೆನ್ನಾಗಿ ಗೊತ್ತು. ದಾರಿ ತಿರುಗಿದ ಮೇಲೆ ಅದೇ ಗಾಳಿ ಬೆನ್ನಿಗೆ ಬರುವುದೆಂಬುದೂ ಅವನಿಗೆ ಗೊತ್ತು. ಆ ತಿರುವಿನವರೆಗೆ ಅವನು ಒಬ್ಬನೇ ಹೋಗಬೇಕೇ, ಅವನ ಮುಂದೆ ಇನ್ನೊಂದು ಗಾಲಿ ಇರಬೇಕೇ ಎಂಬುದನ್ನು ಮಾತ್ರ ಅವನ ಕಾಲುಗಳು ತೀರ್ಮಾನಿಸಲಾರವು.